ರಘೋತ್ತಮರಾಯರ ಸಾವಿರ ವರ್ಷದ ಜಾಡಿ

ರಘೋತ್ತಮರಾಯರಿಗೆ ನಲವತ್ತು ಬಗೆಯ ಬಿಳಿ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಒಂದೇ ಬಿಳಿ, ಒಗೆದು ಒಣಗಿಸಿದ ಪಂಚೆಯದು. ಡೆಟ್ರಾಯಿಟಿನ ಒಂದು ಕಾರು ಕಂಪನಿಯ ಬಣ್ಣದ ಲ್ಯಾಬಿನಲ್ಲಿ ಅವರಿಗೆ ಕೆಲಸ. ಬಾಗಿಲಿಗೆ ಹೊಡೆದ ಬಣ್ಣ ಕಾರಿನ ಮಿಕ್ಕ ಮೈಗೆ ಹೊಂದುತ್ತದೋ ಇಲ್ಲವೋ ಎಂದು ದೀಪ ಹಾಕಿ ನೋಡುವುದು, ದೀಪ ಆರಿಸಿ ನೋಡುವುದು, ಕಿಟಕಿಯ ಬಳಿ ಹಿಡಿದು ನೋಡುವುದು. ಇಷ್ಟಕ್ಕೆ ಮೈಸೂರಿನಲ್ಲಿ ಒಂದು ಡಿಗ್ರಿ, ಇಲ್ಲಿಗೆ ಬಂದು ಇನ್ನೊಂದು ಡಿಗ್ರಿ ಮಾಡಿದ್ದರು. ನಾನು ನಂಜನಗೂಡಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಸೌದೆ ಒಲೆಯ ಮುಂದೆ ಕೂತವಳು. ಈ ವ್ಯತ್ಯಾಸವನ್ನು ಅವರು ಒಂದು ದಿನವೂ ಮರೆತವರಲ್ಲ, ನನಗೂ ಮರೆಯಲು ಬಿಟ್ಟವರಲ್ಲ.

ನಾವು ಡೆಟ್ರಾಯಿಟಿನ ಪಕ್ಕದ ಸೌತ್‌ಫೀಲ್ಡಿಗೆ ಬಂದದ್ದು ಅರವತ್ತೆಂಟರಲ್ಲಿ. ನಮ್ಮವರು ಸತ್ಯನಾರಾಯಣ ಎಂದು, ಮೆಷಿನ್ನುಗಳ ನಕ್ಷೆ ಬರೆಯುವ ಆಫೀಸಿನಲ್ಲಿದ್ದರು, ಈಗಿಲ್ಲ. ರಾಯರು, ಅವರ ಹೆಂಡತಿ ಕೌಸಲ್ಯಾ, ಎರಡು ಮಕ್ಕಳು ನಮ್ಮಿಂದ ನಾಲ್ಕು ಮನೆ ಆಚೆ. ಆಗ ಕನ್ನಡದವರು ಎಂದರೆ ಬೆರಳಲ್ಲಿ ಎಣಿಸುವಷ್ಟು ಜನ, ಹಾಗಾಗಿ ಒಬ್ಬರನ್ನೊಬ್ಬರು ಸಹಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಭಾನುವಾರ ಅವರು ನಮ್ಮ ಮನೆಗೆ ಊಟಕ್ಕೆ ಬಂದರೆ ಎಲ್ಲರಿಗಿಂತ ಮೊದಲು ನಿಂಬೆಕಾಯಿ ಉಪ್ಪಿನಕಾಯಿ ಬಡಿಸಿಕೊಳ್ಳುವವರು ರಾಯರು. ಎರಡನೇ ಸಲ ಬಡಿಸಿಕೊಳ್ಳುವವರೂ ಅವರೇ. ನಾಲಿಗೆ ಚಪ್ಪರಿಸಿ ಕೊನೆಗೆ ಹೇಳುವ ಮಾತೂ ಒಂದೇ:

“ಮೆಂತ್ಯ ಒಂದು ಚೂರು ಜಾಸ್ತಿ ಆಯ್ತು, ಅನಸೂಯಮ್ಮನೋರೆ.”

ಏಳು ವರ್ಷ ಇದೇ ಮಾತು ಕೇಳಿದೆ. ನಾನು ಮೆಂತ್ಯ ಕಡಿಮೆ ಮಾಡಲಿಲ್ಲ, ಅವರು ತಿನ್ನುವುದನ್ನು ಕಡಿಮೆ ಮಾಡಲಿಲ್ಲ.

ಆ ಉಪ್ಪಿನಕಾಯಿಯ ವಿಷಯ ಸ್ವಲ್ಪ ಹೇಳಬೇಕು. ಊರಿಂದ ತಂದ ಭರಣಿ ದಾರಿಯಲ್ಲೇ ಒಡೆದು ಸೀರೆಗಳ ಮಧ್ಯೆ ಚೂರಾಗಿತ್ತು. ಅರವತ್ತೊಂಬತ್ತರಲ್ಲಿ ನಮ್ಮವರು ಷಿಕಾಗೋ ತೋರಿಸಲು ಕರೆದುಕೊಂಡು ಹೋದಾಗ, ಅಲ್ಲಿನ ಚೀನದವರ ಬೀದಿಯ ಅಂಗಡಿಯೊಂದರಲ್ಲಿ ಒಂದು ಕುಳ್ಳ ಜಾಡಿ ಕಂಡಿತು. ಅಗಲ ಬಾಯಿ, ಎಳೆ ಹುಣಸೆ ಚಿಗುರಿಗೂ ಪಾಚಿಗೂ ನಡುವಿನ ಹಸಿರು, ಮೈತುಂಬ ಕೂದಲೆಳೆಯಂಥ ಬಿರುಕು. ಬಿರುಕು ಬಿಟ್ಟಿದೆ, ಬೆಲೆ ಇಳಿಸಿ ಎಂದು ಕೈಸನ್ನೆಯಲ್ಲೇ ಕೇಳಿದೆ. ಅಂಗಡಿಯ ಮುದುಕ, ಬಿರುಕಿಗೇ ಅದರ ಬೆಲೆ ಎನ್ನುವಂತೆ ತಾನೂ ಕೈಸನ್ನೆ ಮಾಡಿದ. ಕೊನೆಗೆ ಎರಡೂವರೆ ಡಾಲರಿಗೆ ಬಂತು. ತಳದಲ್ಲಿ ಹಾಂಗ್‌ಕಾಂಗಿನದು ಎಂಬ ಚೀಟಿ ಅಂಟಿತ್ತು. ಬಿಸಿನೀರು ಹಾಕಿ ಕಿತ್ತೆ. ಉಪ್ಪಿನಕಾಯಿ ಜಾಡಿಗೆ ಊರಿನ ಹೆಸರು ಯಾಕೆ?

ನಾಲ್ಕು ವರ್ಷ ಅದರಲ್ಲಿ ಉಪ್ಪಿನಕಾಯಿ ಹಾಕಿದೆ. ಮಿಷಿಗನ್ನಿನ ಬಿಸಿಲನ್ನು ನಂಬುವ ಹಾಗಿಲ್ಲ; ಬಾಯಿಗೆ ಬಟ್ಟೆ ಕಟ್ಟಿ ಬೇಸ್‌ಮೆಂಟಿನಲ್ಲಿ ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕ ಇಡುತ್ತಿದ್ದೆ. ನಮ್ಮಲ್ಲಿ ಉಪ್ಪಿನಕಾಯಿ ಜಾಡಿಯನ್ನು ಕಂಡವರಿಗೆಲ್ಲ ತೋರಿಸುವುದಿಲ್ಲ, ಮಿಕ್ಕವರು ಮುಟ್ಟುವುದಂತೂ ಇಲ್ಲ. ಸ್ನಾನ ಮಾಡಿ ಒಬ್ಬಳೇ ಇಳಿದು ಹೋಗಿ, ಬೇಕಾದಷ್ಟು ಬಟ್ಟಲಿಗೆ ತೆಗೆದು, ಮತ್ತೆ ಬಟ್ಟೆ ಕಟ್ಟಿ ಬರಬೇಕು. ಹಾಗಾಗಿ ರಾಯರು ನಾಲ್ಕು ವರ್ಷ ಆ ಜಾಡಿಯ ಉಪ್ಪಿನಕಾಯಿ ತಿಂದರೂ ಜಾಡಿಯ ಮುಖ ನೋಡಿರಲಿಲ್ಲ. ಎಪ್ಪತ್ತಮೂರರ ಕೊನೆಗೆ ಅದರ ತಳದಿಂದ ಎಣ್ಣೆ ಜಿನುಗಿ ನೆಲಕ್ಕೆ ಹತ್ತತೊಡಗಿತು. ತೊಳೆದು ತೊಳೆದು ನೋಡಿದೆ. ಅರಿಸಿನ ಬಿರುಕುಗಳ ಒಳಗೆ ಹೋಗಿ ಕೂತುಬಿಟ್ಟಿತ್ತು, ಹಸಿರು ಮೈಯೆಲ್ಲ ಚಿನ್ನದ ಎಳೆ ಹೆಣೆದ ಹಾಗೆ. ಟೆನ್ ಮೈಲ್ ರಸ್ತೆಯ ಚರ್ಚಿನವರು ಹಳೆ ಸಾಮಾನು ಮಾರುವುದಕ್ಕೆಂದು ಬಾಗಿಲಿಗೆ ಡಬ್ಬಿ ಇಟ್ಟಿದ್ದರು. ಅದರಲ್ಲಿ ಹಾಕಿ ಕೈ ತೊಳೆದುಕೊಂಡೆ.

ಅದೇ ವರ್ಷ ರಾಯರಿಗೆ ಲ್ಯಾಬಿನಲ್ಲಿ ಅವಮಾನವಾಯಿತು. ಮೇಲಿನ ಜಾಗ ಖಾಲಿಯಾಗಿ ಅವರಿಗೇ ಸಿಗಬೇಕಿದ್ದದ್ದು, ಅವರೇ ಕೆಲಸ ಕಲಿಸಿದ ಇಪ್ಪತ್ತಾರು ವರ್ಷದವನಿಗೆ ಹೋಯಿತು. ರಾಯರು ಅಲ್ಲಿ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಬಿಚ್ಚಿದರು. ಕೌಸಲ್ಯಾ ಹಾಸಿದ ದಿಂಬಿನ ಬಟ್ಟೆಯ ಬಿಳಿ, ಹೊದಿಕೆಯ ಬಿಳಿಗೆ ಹೊಂದುವುದಿಲ್ಲ ಎಂದರು. ಸಾರನ್ನು ಚಮಚದಲ್ಲಿ ಎತ್ತಿ ದೀಪಕ್ಕೆ ಹಿಡಿದು, ಇವತ್ತಿನ ಸಾರಿನ ಬಣ್ಣ ನಿನ್ನೆಯ ಸಾರಿಗೆ ಹೊಂದುತ್ತಿಲ್ಲ ಎಂದರು. ದಿನಾ ಅದೇ. ಕೌಸಲ್ಯಾ ಒಮ್ಮೆ ನನ್ನ ಅಡಿಗೆಮನೆಯಲ್ಲಿ ಕೂತು, ಒಗ್ಗರಣೆ ಸೀದರೂ ಎದ್ದು ಒಲೆ ಆರಿಸದೆ ಅತ್ತಳು.

ಎಪ್ಪತ್ತನಾಲ್ಕರ ವಸಂತದಲ್ಲಿ ಚರ್ಚಿನ ಮಾರಾಟ ನಡೆಯಿತು. ಎರಡು ವರ್ಷದ ಹಿಂದೆ ಇಲ್ಲಿನ ಅಧ್ಯಕ್ಷರು ಚೀನಕ್ಕೆ ಹೋಗಿ ಬಂದಿದ್ದರು. ಅಂದಿನಿಂದ ಅಮೆರಿಕದವರಿಗೆ ಚೀನದ್ದೆಲ್ಲ ಚಿನ್ನ. ಪತ್ರಿಕೆ ತೆರೆದರೆ ಅಲ್ಲಿನ ಹಳೆ ಪಿಂಗಾಣಿ, ಅದಕ್ಕೆ ಹರಾಜಿನಲ್ಲಿ ಸಿಕ್ಕ ಬೆಲೆ. ಈ ಗಾಳಿ ರಾಯರಿಗೂ ಬಡಿದಿತ್ತು ಎಂದು ನನಗೆ ತಿಳಿದದ್ದು ಮುಂದಿನ ಭಾನುವಾರ, ಅವರ ಮನೆಗೆ ಕರೆದಾಗ. ಶೋಕೇಸಿನಲ್ಲಿದ್ದ ಶ್ರೀಗಂಧದ ಆನೆಗಳನ್ನೆಲ್ಲ ಮೂಲೆಗೆ ಒತ್ತಿ, ನಡುವೆ ಕೌಸಲ್ಯಾಳ ಧಾರೆಯ ಶಾಲು ಮಡಿಸಿ ಹಾಸಿ, ಅದರ ಮೇಲೆ ಒಂದು ಕುಳ್ಳ ಹಸಿರು ಜಾಡಿ ಇಟ್ಟಿದ್ದರು.

ತಳದ ಅಂಚಿನಲ್ಲಿ ಹುಣಸೆಬೀಜದಷ್ಟು ಕಪ್ಪು ಮಚ್ಚೆ. ನಾಲ್ಕು ವರ್ಷ ನನ್ನ ಕೈಯಲ್ಲಿ ತಿರುಗಿದ ಜಾಡಿ. ಗುರುತು ಹಿಡಿಯುವುದಕ್ಕೆ ನನಗೆ ದೀಪವೂ ಬೇಕಿರಲಿಲ್ಲ, ಕಿಟಕಿಯೂ ಬೇಕಿರಲಿಲ್ಲ.

ರಾಯರು ಅದನ್ನು ನನ್ನ ಕೈಗೆ ಕೊಡಲಿಲ್ಲ. ಎರಡು ಅಡಿ ದೂರ ನಿಲ್ಲಿಸಿ ಪಾಠ ಹೇಳಿದರು. ಇದಕ್ಕೆ ಸೆಲಡಾನ್ ಎನ್ನುತ್ತಾರಂತೆ. ಬಣ್ಣದಲ್ಲಿ ಹಸಿರೇ ಇಲ್ಲವಂತೆ. ಇರುವುದು ಚಿಟಿಕೆ ಕಬ್ಬಿಣ. ಗೂಡಿನ ಬೆಂಕಿಗೆ ಗಾಳಿ ಸಿಗದ ಹಾಗೆ ಉಸಿರು ಕಟ್ಟಿಸಿದರೆ ಆ ಕಬ್ಬಿಣ ಹಸಿರಾಗುತ್ತದಂತೆ, ಗಾಳಿ ಸಿಕ್ಕರೆ ಕಂದು. ಚೀನದವರಿಗೆ ಪಚ್ಚೆಯ ಹಾಗೆ ಹೊಳೆಯುವ ಒಂದು ಕಲ್ಲಿನ ಮೇಲೆ ಪ್ರಾಣ; ಕಲ್ಲು ಕೊಳ್ಳಲಾಗದವರು ಮಣ್ಣಿನಲ್ಲೇ ಅದರ ಬಣ್ಣ ಬರಿಸಿದರು, ಆಮೇಲೆ ರಾಜರೇ ಕಲ್ಲು ಬಿಟ್ಟು ಮಣ್ಣಿಗೆ ಬಿದ್ದರು. ಲಾಂಗ್‌ಚುವಾನ್ ಎಂಬ ಊರಿನ ಗೂಡುಗಳಿಂದ ಹಡಗು ಹಡಗು ಈ ಹಸಿರು ಪಿಂಗಾಣಿ ಪರ್ಷಿಯಾಕ್ಕೆ, ತುರ್ಕಿಗೆ, ನಮ್ಮ ದೇಶಕ್ಕೂ ಬಂತಂತೆ. ಅಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು ಎಂದು ಒಂದು ಕಥೆ. ತಮ್ಮ ಹೊಟ್ಟೆಕಿಚ್ಚಿಗೆ ಅಣ್ಣನ ಉರಿಯುವ ಗೂಡಿಗೆ ತಣ್ಣೀರು ಸುರಿದ. ಪಾತ್ರೆಗಳ ಮೈಯೆಲ್ಲ ಬಿರುಕು. ಆ ಬಿರುಕಿನ ಪಾತ್ರೆಗೇ ಹೆಚ್ಚು ಬೆಲೆ ಬಂತು. ನಮ್ಮ ಕಡೆಯವರಾಗಿದ್ದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿ ಗೂಡನ್ನೇ ಪಾಲು ಮಾಡಿಕೊಳ್ಳುತ್ತಿದ್ದರು ಎಂದುಕೊಂಡೆ.

“ದೊಡ್ಡ ಬಿರುಕು ಕಬ್ಬಿಣದ ಎಳೆ, ಸಣ್ಣ ಬಿರುಕು ಚಿನ್ನದ ಎಳೆ. ಅಣ್ಣನ ಗೂಡಿನ ಗುರುತೇ ಅದು,” ಎಂದರು ರಾಯರು. “ಈ ಹಳದಿ ನೋಡಿ, ಅನಸೂಯಮ್ಮನೋರೆ. ನಮ್ಮ ಲ್ಯಾಬಲ್ಲಿ ಆರುನೂರು ಹಳದಿ ಇದೆ. ಇದು ಅದರಲ್ಲಿಲ್ಲ. ಈ ಹಳದಿ ಬರೋಕೆ ಏಳುನೂರು, ಎಂಟುನೂರು ವರ್ಷ ಬೇಕು.”

ನಾಲ್ಕು ವರ್ಷ ಸಾಕಾಗಿತ್ತು. ಜೊತೆಗೆ ಕಾಲು ಪೌಂಡು ಅರಿಸಿನ.

ಚರ್ಚಿನಲ್ಲಿ ಎಪ್ಪತ್ತೈದು ಸೆಂಟಿಗೆ ಸಿಕ್ಕಿತಂತೆ. ಕೊಟ್ಟವರು ಯಾರೋ ಪಾಪ, ಬೆಲೆ ತಿಳಿಯದ ಹೆಂಗಸಿರಬೇಕು ಎಂದು ಕನಿಕರ ಪಟ್ಟರು. ಆ ಕನಿಕರದ ಜೊತೆಗೇ ನಾನು ಕಾಫಿ ಮುಗಿಸಿ ಮನೆಗೆ ಬಂದೆ.

ಮರುದಿನ ಕೌಸಲ್ಯಾಗೆ ನಿಜ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮೊದಲು ನಕ್ಕಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

“ಅಕ್ಕ, ಹೇಳಬೇಡಿ. ಜಾಡಿ ಬಂದ ಮೇಲೆ ಅವರು ಸಾರಿನ ಬಣ್ಣ ನೋಡೋದು ಬಿಟ್ಟಿದಾರೆ.”

ಅದೊಂದು ಪುಣ್ಯ ಎಂದು ನಾನೂ ಸುಮ್ಮನಾದೆ. ಆ ವರ್ಷವೆಲ್ಲ ರಾಯರು ಲೈಬ್ರರಿಯಿಂದ ಹೊತ್ತು ತಂದ ದಪ್ಪ ಪುಸ್ತಕಗಳ ಜೊತೆ ಸಂಸಾರ ಮಾಡಿದರು. ಮನೆಯಲ್ಲಿ ಒಗ್ಗರಣೆ ನಿಂತಿತು, ಹೊಗೆ ಜಾಡಿಗೆ ಆಗುವುದಿಲ್ಲವಂತೆ. ಮಕ್ಕಳು ಓಡುವುದು ನಿಂತಿತು, ನೆಲ ಅದುರುತ್ತದಂತೆ. ಗಣೇಶನ ಹಬ್ಬಕ್ಕೆ ಇಪ್ಪತ್ತು ಮನೆಯವರು ಒಂದು ಬೇಸ್‌ಮೆಂಟಿನಲ್ಲಿ ಸೇರಿದಾಗ, ಮಂಗಳಾರತಿಗೂ ಊಟಕ್ಕೂ ನಡುವೆ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ ಜಾಡಿಯ ಸ್ಲೈಡು ತೋರಿಸಿದರು. ಮುಂದಿನಿಂದ ಜಾಡಿ, ಹಿಂದಿನಿಂದ ಜಾಡಿ, ತಳದಿಂದ ಜಾಡಿ. ಹಸಿದ ಜನ ಮುಂದಿನ ಸ್ಲೈಡು ಮೋದಕದ್ದಿರಲಿ ಎಂದು ಹಾರೈಸುತ್ತಿದ್ದರು. ಇಂಥ ಪಾತ್ರೆಯಲ್ಲಿ ವಿಷದ ಅನ್ನ ಹಾಕಿದರೆ ಪಾತ್ರೆ ಬಣ್ಣ ಬದಲಿಸುತ್ತದೆ, ಇಲ್ಲವೇ ಒಡೆದೇ ಹೋಗುತ್ತದೆ ಎಂದು ಸುಲ್ತಾನರು ನಂಬಿದ್ದರು ಎಂದಾಗ, ಹಿಂದಿನ ಸಾಲಿನಿಂದ ಬಿಜಾಪುರದ ಸಂಗನಬಸಪ್ಪನವರು ಕೂತಲ್ಲಿಂದಲೇ ಕೇಳಿದರು:

“ಹಂಗಾರ ರಾಯರ, ಒಮ್ಮೆ ನಿಮ್ಮ ಆಫೀಸಿನ ಕಾಫಿ ಹಾಕಿ ನೋಡ್ರಲ್ಲ.”

ಎಲ್ಲರೂ ನಕ್ಕರು. ರಾಯರೂ ನಕ್ಕರು. ಆ ವರ್ಷ ಅವರು ಯಾವುದಕ್ಕೂ ಕೋಪ ಮಾಡಿಕೊಳ್ಳುತ್ತಿರಲಿಲ್ಲ; ಶ್ರೀಮಂತರಿಗೆ ಕೋಪ ಬರುವುದು ಕಡಿಮೆ.

ಆ ಚಳಿಗಾಲ ಡೆಟ್ರಾಯಿಟಿಗೆ ಒಳ್ಳೆಯದಾಗಿರಲಿಲ್ಲ. ಪೆಟ್ರೋಲು ತುಟ್ಟಿಯಾಗಿ ಕಾರು ಕೊಳ್ಳುವವರಿಲ್ಲ. ಪ್ರತಿ ಶುಕ್ರವಾರ ಯಾರದಾದರೂ ಕೆಲಸ ಹೋದ ಸುದ್ದಿ. ನಮ್ಮವರು ಶುಕ್ರವಾರ ಸಂಜೆ ಮನೆಗೆ ಬಂದು ಬೂಟು ಬಿಚ್ಚುವವರೆಗೆ ನಾನು ದೇವರ ಮುಂದಿನ ದೀಪ ಹಚ್ಚುತ್ತಿರಲಿಲ್ಲ. ಊರೆಲ್ಲ ಕೆಲಸ ಉಳಿಸಿಕೊಳ್ಳಲು ಹೆಣಗುತ್ತಿದ್ದಾಗ ರಘೋತ್ತಮರಾಯರು ತಾವಾಗಿಯೇ ಕೆಲಸ ಬಿಡುತ್ತೇನೆ ಎಂದು ಹೊರಟರು.

ಎಪ್ಪತ್ತೈದರ ಏಪ್ರಿಲಿನಲ್ಲಿ ಕೌಸಲ್ಯಾ ಕೋಟು ಕೂಡ ಹಾಕಿಕೊಳ್ಳದೆ ಓಡಿ ಬಂದಳು. ಷಿಕಾಗೋ ಹತ್ತಿರದ ಡೌನರ್ಸ್ ಗ್ರೋವಿನಲ್ಲಿ ಮಿಸೆಸ್ ವಿಟ್‌ಲಾಕ್ ಎಂಬ ಮುದುಕಿ ಇದ್ದಾರಂತೆ, ಚೀನದ ಪಿಂಗಾಣಿ ನೋಡುವುದರಲ್ಲಿಯೇ ಕೂದಲು ಹಣ್ಣಾದವರು. ರಾಯರು ಬರೆದ ಹನ್ನೊಂದು ಕಾಗದ ತಡೆಯಲಾರದೆ, ತಂಗಿಯನ್ನು ನೋಡಲು ಈ ಕಡೆ ಬಂದಾಗ ಶನಿವಾರ ಮಧ್ಯಾಹ್ನ ಬಂದು ನೋಡುತ್ತೇನೆ ಎಂದು ಒಪ್ಪಿದ್ದಾರೆ. ರಾಯರ ಲೆಕ್ಕದಲ್ಲಿ ಅವರು ನೋಡುವುದೆಂದರೆ ಹೌದು ಎನ್ನುವುದು. ಜಾಡಿ ಮಾರುವುದು, ಬಂದದ್ದರಲ್ಲಿ ಹಳೆ ಪಿಂಗಾಣಿಯ ವ್ಯಾಪಾರ. ರಾಜೀನಾಮೆ ಕಾಗದ ಬರೆದು, ಮದುವೆಯ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಜಾಡಿಯ ಅಡಿಯಲ್ಲಿ ಇಟ್ಟಿದ್ದಾರೆ. ಸೋಮವಾರ ಒಳ್ಳೆಯ ದಿನವಂತೆ, ಆವತ್ತು ಆಫೀಸಿನಲ್ಲಿ ಕೊಡುತ್ತಾರಂತೆ. ಅವಮಾನ ಮಾಡಿದವನ ಮೇಜಿನ ಮೇಲೇ ಇಡಬೇಕಂತೆ.

“ಈ ಮನೆ ಹೋದ್ರೆ ಮಕ್ಕಳನ್ನ ಕರ್ಕೊಂಡು ನಾನೆಲ್ಲಿಗೆ ಹೋಗ್ಲಿ? ಅಕ್ಕ, ಈಗ ಹೇಳಿಬಿಡಿ.”

ಅಂದೇ ಸಂಜೆ ಹೋದೆ. ರಾಯರು ಬಿಳಿ ಹತ್ತಿ ಕೈಗವಸು ಹಾಕಿಕೊಂಡು ಜಾಡಿ ಒರೆಸುತ್ತಿದ್ದರು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಈ ಜಾಡಿ ನಮ್ಮ ಮನೆಯದು, ಷಿಕಾಗೋದಲ್ಲಿ ಎರಡೂವರೆ ಡಾಲರಿಗೆ ತಂದೆ, ಉಪ್ಪಿನಕಾಯಿ ಹಾಕಿದೆ, ಸೋರಿತು, ಚರ್ಚಿಗೆ ಕೊಟ್ಟೆ ಎಂದೆ.

ರಾಯರು ಒರೆಸುವುದನ್ನು ನಿಲ್ಲಿಸಲೂ ಇಲ್ಲ. ನನ್ನ ಮೇಲೆ ಅವರಿಗೆ ಸಿಟ್ಟೂ ಬರಲಿಲ್ಲ. ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು.

“ಅನಸೂಯಮ್ಮನೋರೆ, ಜಾಡಿ ಅಂದ್ರೆ ನಿಮಗೆ ಉಪ್ಪಿನಕಾಯೇ ಕಾಣೋದು. ನಿಮ್ಮ ತಪ್ಪಲ್ಲ ಬಿಡಿ. ಇದನ್ನ ನೋಡೋದಕ್ಕೆ ಸ್ವಲ್ಪ ಓದಿರಬೇಕು.”

ತಳದ ಮಚ್ಚೆ ತೋರಿಸಿದೆ. ಅದು ಎಂಟುನೂರು ವರ್ಷದ ಹಿಂದೆ ಗೂಡಿನಲ್ಲಿ ಹಾರಿದ ಬೂದಿ ಎಂದರು. ಮನೆಯಲ್ಲಿ ಯಾರಿಗೂ ಹೊಟ್ಟೆಕಿಚ್ಚು ಇರಬಾರದು ಎಂದು, ತಣ್ಣೀರು ಸುರಿದ ತಮ್ಮನ ಕಥೆಯನ್ನು ಮತ್ತೊಮ್ಮೆ ಹೇಳಿ ಕಳಿಸಿದರು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ತಣ್ಣೀರಿಗೆ ಬಿರುಕು ಬಿಡುವುದಾದರೆ, ಬಿಸಿನೀರಿಗೆ ಬಾಯಿ ಬಿಡದೇ?

ಶನಿವಾರ ಕೌಸಲ್ಯಾಗೆ ಸಹಾಯಕ್ಕೆ ಎಂದು ನಾನೂ ಹೋದೆ. ಮಿಸೆಸ್ ವಿಟ್‌ಲಾಕ್ ತೆಳ್ಳಗೆ, ಎತ್ತರ. ಕಿವಿ ಸ್ವಲ್ಪ ಮಂದ, ಕಣ್ಣು ಹದ್ದಿನದು. ರಾಯರು ಸೂಟು ಹಾಕಿ ಬಾಗಿಲಲ್ಲೇ ನಿಂತಿದ್ದರು. ಊಟದ ಮೇಜಿನ ಮೇಲೆ ಶಾಲು, ಶಾಲಿನ ಮಡಿಕೆಯೊಳಗೆ ಅರಿಸಿನ ಹಚ್ಚಿದ ಕಾಗದ, ಮೇಲೆ ಜಾಡಿ.

ಆಕೆ ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದರು. ಬೆರಳಿಂದ ತಟ್ಟಿ ಕಿವಿ ಕೊಟ್ಟರು. ತಿರುಗಿಸಿ ತಳ ನೋಡಿದರು. ಅಲ್ಲಿ ಬಹಳ ಹೊತ್ತು ನಿಂತರು. ಹಳೆಯದರ ತಳ ಗೂಡಿನ ಬೆಂಕಿಗೆ ಸುಟ್ಟು ಕಂದಾಗಿರುತ್ತದಂತೆ. ಇದಕ್ಕೆ ಕಂದು ಬಣ್ಣ ಬಳಿದ ಹಾಗಿದೆ ಎಂದು ಮೆಲ್ಲಗೆ ಅಂದರಂತೆ, ಆಮೇಲೆ ಕೌಸಲ್ಯಾ ಹೇಳಿದ್ದು. ಬಣ್ಣದ ಲ್ಯಾಬಿನವರಿಗೆ ಬಳಿದ ಬಣ್ಣ ವರ್ಷವಿಡೀ ಕಾಣದೆ ಹೋಯಿತಲ್ಲ! ರಾಯರು ಅದಕ್ಕೂ ಪುಸ್ತಕದ ಪುಟ ತೆಗೆದು ತೋರಿಸಿದರು. ಆದರೆ ಚಿನ್ನದ ಎಳೆಯ ಮುಂದೆ ಆ ತಾಯಿಯೂ ಸೋತರು. ಕನ್ನಡಕ ತೆಗೆದು, ಹಾಕಿ, ಕಿಟಕಿಯ ಬಳಿ ಒಯ್ದು, ಹಿಂದಕ್ಕೆ ತಂದು ಶಾಲಿನ ಮೇಲಿಟ್ಟರು. ಈ ಹಳದಿ ನಾನು ಎಲ್ಲೂ ನೋಡಿಲ್ಲ ಎಂದರು. ರಾಯರು ಹೆಂಡತಿಯ ಕಡೆ ತಿರುಗಿ ನೋಡಿದ ನೋಟ ನನಗೆ ಇವತ್ತೂ ನೆನಪಿದೆ. ಸೋಮವಾರದ ನೋಟ ಅದು.

ಆಕೆ ತಳ ಒರೆಸಿ ನೋಡಲು ಸ್ವಲ್ಪ ಬೆಚ್ಚನೆಯ ನೀರು, ಒಂದು ಬಟ್ಟೆ ಕೇಳಿದರು. ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಕಾಫಿಗೆಂದು ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು. ಅದನ್ನು ಹಾಗೆಯೇ ತಂದೆ. ಬಟ್ಟೆಯನ್ನು ಮೇಜಿನ ಮೇಲಿಟ್ಟೆ, ನೀರನ್ನು ಜಾಡಿಯೊಳಕ್ಕೆ ಸುರಿದೆ.

ರಾಯರು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದರು. ಅವರ ಬಾಯಲ್ಲಿ ಏನು ಬರುವುದರಲ್ಲಿತ್ತೋ, ಅದಕ್ಕೆ ಮೊದಲೇ ಜಾಡಿ ಮಾತಾಡಿತು. ಉಪ್ಪಿನಕಾಯಿ ಜಾಡಿ ತೊಳೆದ ಹೆಂಗಸರಿಗೆಲ್ಲ ಗೊತ್ತು, ಎಷ್ಟು ತೊಳೆದರೂ ಕುದಿನೀರು ಬಿದ್ದರೆ ಅದು ತನ್ನ ಕುಲ ಹೇಳಿಕೊಳ್ಳುತ್ತದೆ. ಮೊದಲು ಇಂಗು. ಅದರ ಹಿಂದೆ ಹುರಿದ ಸಾಸಿವೆ, ನಿಂಬೆಯ ಕಹಿ. ಕೊನೆಗೆ ಮೆಂತ್ಯ. ಕೋಣೆ ತುಂಬಿತು. ಮಿಸೆಸ್ ವಿಟ್‌ಲಾಕ್ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, ಇದೇನು, ಬಹಳ ಚೆನ್ನಾಗಿದೆ ಎಂದರು.

ರಾಯರು ನಿಂತೇ ಇದ್ದರು. ಅವರ ಮೂಗಿನ ಹೊಳ್ಳೆ ಒಮ್ಮೆ ಅರಳಿತು, ಇನ್ನೊಮ್ಮೆ ಅರಳಿತು. ಪುಸ್ತಕ ಕೈಯಲ್ಲೇ ಇತ್ತು. ಅದನ್ನು ಮುಚ್ಚಿದರು. ನನ್ನ ಮುಖ ನೋಡದೆ, ಜಾಡಿಯನ್ನೇ ನೋಡುತ್ತ, ಕನ್ನಡದಲ್ಲಿ ಹೇಳಿದರು:

“ಮೆಂತ್ಯ ಒಂದು ಚೂರು ಜಾಸ್ತಿ.”

ಆಮೇಲಿನದು ನಾನು ಬೇಡಿ ಪಡೆದದ್ದಲ್ಲ, ದೇವರು ತಾನಾಗಿ ಕೊಟ್ಟದ್ದು. ಅದು ಉಪ್ಪಿನಕಾಯಿ ಜಾಡಿ ಎಂದು ಕೌಸಲ್ಯಾ ತಿಳಿಸಿದ ಮೇಲೆ ಆ ಮುದುಕಿಗೆ ಜಾಡಿಯ ಮೇಲಿನ ಆಸೆ ಹೋಗಿತ್ತು, ಹಳದಿಯ ಮೇಲಿನ ಆಸೆ ಹೋಗಲಿಲ್ಲ. ಹಳೆಯದೆಂದು ನಂಬಿಸಲು ಜನ ಬಿರುಕಿಗೆ ಟೀ ಕುಡಿಸುತ್ತಾರೆ, ಮಸಿ ಕುಡಿಸುತ್ತಾರೆ. ಇಷ್ಟು ಸೊಗಸಾಗಿ ಯಾರೂ ಮಾಡಿಲ್ಲ, ಇದನ್ನು ಮಾಡಿದವರು ಯಾರು, ವಿಧಾನ ಏನು ಎಂದು ಕೇಳಿದರು. ನನ್ನ ಇಂಗ್ಲಿಷು ಅಷ್ಟು ದೂರ ನಡೆಯುವಂಥದ್ದಲ್ಲ. ಹಾಗಾಗಿ ಎರಡು ಡಿಗ್ರಿಯ ರಘೋತ್ತಮರಾಯರು ಸೂಟು ಹಾಕಿಕೊಂಡು ನನ್ನ ಪಕ್ಕ ಕೂತು, ಅರಿಸಿನ ಎಷ್ಟು, ಉಪ್ಪು ಎಷ್ಟು, ಎಣ್ಣೆ ಯಾವುದು, ಫರ್ನೇಸಿಗೆ ಎಷ್ಟು ಹತ್ತಿರ, ದಿನಕ್ಕೆ ಎಷ್ಟು ಸಲ ಕೈಯಾಡಿಸಬೇಕು ಎಂಬುದನ್ನೆಲ್ಲ ಒಂದೊಂದಾಗಿ ಇಂಗ್ಲಿಷಿಗೆ ಹಾಕಿದರು. ಆಕೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಮ್ಮೆ ರಾಯರು ಮೆಂತ್ಯದ ಅಳತೆಯನ್ನು ಅರ್ಧ ಹೇಳಿದರು ಎಂದು ನನಗೆ ಅನುಮಾನ. ಜಾಡಿ ಎಷ್ಟು ಬೆಲೆ ಬಾಳೀತು ಎಂದು ಕೊನೆಗೆ ಕೌಸಲ್ಯಾ ಕೇಳಿದಳು. ಹನ್ನೆರಡು ಡಾಲರ್, ಸೋರದಿದ್ದರೆ ಎಂದರು.

ಸೋರುತ್ತಿತ್ತು. ಕಾಫಿ ಮುಗಿದು ಆಕೆ ಹೊರಟ ಮೇಲೆ ಜಾಡಿ ಎತ್ತಿದರೆ ಶಾಲು ಒದ್ದೆ. ಶಾಲು ಬಿಡಿಸಿದರೆ ಒಳಗಿನ ಕಾಗದ ಒದ್ದೆ. ಮೂಲೆಗೆ ಹಚ್ಚಿದ್ದ ಅರಿಸಿನಕ್ಕೆ ಜಾಡಿಯ ಅರಿಸಿನ ಕೂಡಿ ಕಾಗದ ಇಡಿಯಾಗಿ ಹಳದಿಯಾಗಿತ್ತು; ಮಸಿ ಕದಡಿ, ಕಂಪನಿಯ ಹೆಸರೂ ಇಲ್ಲ, ರಾಯರ ಸಹಿಯೂ ಇಲ್ಲ. ಕೌಸಲ್ಯಾ ಅದನ್ನು ಎರಡು ಬೆರಳಲ್ಲಿ ಹಿಡಿದು ಗಂಡನ ಮುಂದೆ ನೀಡಿದಳು. ರಾಯರು ತೆಗೆದುಕೊಂಡು ಕಿಟಕಿಯ ಬಳಿ ಹಿಡಿದು ನೋಡಿದರು, ಅಭ್ಯಾಸಬಲ. ಮಡಿಸಿ ಕಸದ ಡಬ್ಬಿಗೆ ಹಾಕಿ ಕಾರು ತೊಳೆಯಲು ಹೊರಗೆ ಹೋದರು.

ಇನ್ನೊಂದು ಕಾಗದ ಬರೆಯಲು ಐದು ನಿಮಿಷ ಸಾಕು. ಭಾನುವಾರವೆಲ್ಲ ಬಾಕಿ ಇತ್ತು. ಕುದಿನೀರು ಸುರಿದ ಕೈ ನನ್ನದೇ ತಾನೇ, ಆ ಮನುಷ್ಯ ಅವಮಾನಕ್ಕೆ ಹಟ ಹಿಡಿದು ಬರೆದೇ ಬಿಟ್ಟರೆ? ಜಾಡಿ ಇಲ್ಲದೆಯೂ ಬಿಡುತ್ತೇನೆ ಎಂದುಬಿಟ್ಟರೆ? ಸೋಮವಾರ ಬೆಳಿಗ್ಗೆ ಅವರ ಕಾರು ಹೋದದ್ದು ಕಿಟಕಿಯಿಂದ ಕಂಡೆ. ಸಂಜೆ ಎಂದಿನ ಹೊತ್ತಿಗೆ ಬಂದದ್ದೂ ಕಂಡೆ. ಜೇಬಿನಲ್ಲಿ ಏನಿತ್ತು, ಏನು ಕೊಟ್ಟು ಬಂದರು ಎಂಬುದು ಕಿಟಕಿಗೆ ಕಾಣುವುದಿಲ್ಲ.

ಏಳೂವರೆಗೆ ಫೋನು ಬಂತು. ಕೌಸಲ್ಯಾ ದನಿ ತಗ್ಗಿಸಿದ್ದಳು. ಊಟದ ಮೇಜು ಅವಳ ಬೆನ್ನ ಹಿಂದೆಯೇ.

“ಅಕ್ಕ, ಬದುಕಿದೆ,” ಎಂದಳು. “ಈಗ ತಾನೇ ಚಮಚ ದೀಪಕ್ಕೆ ಹಿಡಿದು ನೋಡಿದ್ರು. ಸಾರಿನ ಬಣ್ಣ ಸರಿ ಇಲ್ವಂತೆ.”